ಅವ್ವ ತೋರಿಸಿದ ಮೂಲೆಯ ಮಣ್ಣು

ನಾನು ಎಂ.ಎಸ್ಸಿ. ಮುಗಿಸಿದ ವರ್ಷ ಅಪ್ಪನ ಅಂಗಾಲಿಗೆ ಕಬ್ಬಿನ ಕೂಳೆ ಚುಚ್ಚಿ ಗಾಯ ಕೀವು ಕಟ್ಟಿತು. ಮೊದಲು ಕೊಟ್ಟ ಔಷಧಿ ಹಿಡಿಯಲಿಲ್ಲ, ಎರಡನೆಯದೂ ಹಿಡಿಯಲಿಲ್ಲ. "ಈ ಔಷಧಿಗಳಿಗೆ ಕ್ರಿಮಿಗಳು ಒಗ್ಗಿಬಿಟ್ಟಿವೆ ಕಣಮ್ಮ" ಎಂದರು ಡಾಕ್ಟರು. ಮೂರನೆಯದಕ್ಕೆ ಅಪ್ಪ ಎದ್ದು ಓಡಾಡಿದ. ಅದೂ ಹಿಡಿಯದೇ ಹೋಗಿದ್ದರೆ ಎಂಬ ಭಯ ಮಾತ್ರ ನನ್ನಲ್ಲಿ ಉಳಿದುಕೊಂಡಿತು.

ಆ ಭಯದಿಂದಲೇ ಮಂಡ್ಯದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದೆ. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅಕ್ಕಪಕ್ಕದವನ್ನು ಕೊಲ್ಲುವ ರಸ ಬಿಡುತ್ತವೆ. ಎಷ್ಟೋ ಆಂಟಿಬಯೋಟಿಕ್‌ಗಳು ಸಿಕ್ಕಿದ್ದು ಹಾಗೆಯೇ. ಕೊಕ್ಕರೆ ಬೆಳ್ಳೂರಿನ ಮರಗಳ ಬುಡದಿಂದ, ಮಳವಳ್ಳಿ ದಾರಿಯ ಹೊಲಗಳಿಂದ ಮಣ್ಣು ತಂದು ನೋಡಿದೆ. ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಒಂದು ಭಾನುವಾರ ನಮ್ಮೂರು ಕೆರಗೋಡಿಗೆ ಹೋದಾಗ ನಮ್ಮ ಗದ್ದೆಯ ಬದುವಿನಲ್ಲಿ ಕೂತು ಮಣ್ಣು ತುಂಬಿಕೊಳ್ಳುತ್ತಿದ್ದೆ. ಕಳೆ ಕೀಳುತ್ತಿದ್ದ ಅವ್ವ ಎದ್ದು ಬಂದಳು.

"ಏನವ್ವ ಮಾಡ್ತಿದ್ದೀಯೆ?"

"ಔಸ್ದಿ ಮಾಡೋ ಬ್ಯಾಕ್ಟೀರಿಯಾ ಉಡುಕ್ತಿದ್ದೀನಿ ಕಣವ್ವ." ಊರಿಗೆ ಹೋದರೆ ನನ್ನ ನಾಲಿಗೆಯೂ ಊರಿನದೇ ಆಗುತ್ತದೆ.

"ಇಲ್ಲೇನೈತೆ, ವರ್ಸ ವರ್ಸ ಗೊಬ್ರದ ಮೂಟೆ ಸುರ್ದು ಸುರ್ದು ಸತ್ತೋಗಿರೋ ಮಣ್ಣು. ಆ ಮೂಲೆಗೆ ಓಗು. ಹೊಂಗೆ ಮರದ್ ಕೆಳಗೆ ಯಾರೂ ಏನೂ ಆಕಿಲ್ಲ. ಮಳೆ ಬಿದ್ರೆ ಅದೊಂದ್ ತಾವೇ ಗಮ್ ಅನ್ನೋದು."

ಆ ವಾಸನೆ ಬರುವುದು ನಾನು ಹುಡುಕುತ್ತಿದ್ದ ಜಾತಿಯ ಬ್ಯಾಕ್ಟೀರಿಯಾಗಳಿಂದಲೇ ಎಂದು ಪುಸ್ತಕದಲ್ಲಿ ಓದಿದ್ದೆ. ಅವ್ವ ಮೂಗಿನಿಂದಲೇ ಅದನ್ನು ತಿಳಿದಿದ್ದಳು. ಹೊಂಗೆ ಮರದ ಕೆಳಗಿನ ಮಣ್ಣಲ್ಲಿ ಬೂದುಬಣ್ಣದ, ಪುಡಿ ಉದುರಿಸಿದಂತೆ ಬೆಳೆಯುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದರ ಸುತ್ತ ಬೇರೆ ಕ್ರಿಮಿಗಳು ಬೆಳೆಯುತ್ತಿರಲಿಲ್ಲ. ಆದರೆ ಅದು ಬಿಡುತ್ತಿದ್ದ ರಸ ಎಷ್ಟು ಕಮ್ಮಿಯೆಂದರೆ, ಅದೇನೆಂದು ಪರೀಕ್ಷೆ ಮಾಡುವುದಕ್ಕೂ ಸಾಲುತ್ತಿರಲಿಲ್ಲ.

ಫೋನಿನಲ್ಲಿ ಇದನ್ನು ಹೇಳಿದಾಗ ಅವ್ವ ನಕ್ಕಳು. "ಕೆಚ್ಚಲಲ್ಲಿ ಹಾಲಿದ್ರೂ ನಮ್ಮೆಮ್ಮೆ ಸೊರೆ ಬುಡ್ದೆ ಎತ್ಕೊಂಡಂಗಾಯ್ತು ಬುಡು. ಏನ್ ತಡೀತೈತೋ ಅದ್ನ ನೋಡು, ಮಗ."

ತಡೆಯುತ್ತಿದ್ದದ್ದು ಒಂದು ಜೀನ್. ರಸ ಮಾಡುವ ಕೆಲಸಕ್ಕೆ ಅದು ಬೀಗ ಹಾಕಿ ಕೂತಿತ್ತು. ಅದನ್ನು ತೆಗೆದುಹಾಕಿದರೆ ಸಾಕು ಎಂದು ಹೇಳುವುದು ಸುಲಭ, ಮಾಡಲು ನನಗೆ ಎರಡು ವರ್ಷ ಬೇಕಾಯಿತು. ಎಷ್ಟೋ ಸಲ ಜೀನ್ ಹೋಗುತ್ತಿರಲಿಲ್ಲ, ಹೋದರೆ ಬ್ಯಾಕ್ಟೀರಿಯಾ ಸಾಯುತ್ತಿತ್ತು. ನನ್ನ ಗೈಡ್ ಮೇಡಮ್, "ಬೇರೆ ವಿಷಯ ತಗೋತೀಯಾ?" ಎಂದು ಒಮ್ಮೆ ಮೆಲ್ಲಗೆ ಕೇಳಿದರು. "ಇಲ್ಲ ಮೇಡಮ್" ಎಂದೆ. ಅವರು ಮತ್ತೆ ಕೇಳಲಿಲ್ಲ.

ಒಂದು ಬೆಳಿಗ್ಗೆ, ಕ್ರಿಮಿಗಳನ್ನು ಹರಡಿ ಬೆಳೆಯಲು ಇಟ್ಟಿದ್ದ ಗಾಜಿನ ತಟ್ಟೆಗಳನ್ನು ಹೊರತೆಗೆದು ಬೆಳಕಿಗೆ ಹಿಡಿದೆ. ಹಳೆಯ ಬ್ಯಾಕ್ಟೀರಿಯಾದ ಸುತ್ತ ಬಳೆಯ ಗೆರೆಯಷ್ಟು ಜಾಗ ಮಾತ್ರ ತಿಳಿಯಾಗಿತ್ತು. ಬೀಗ ತೆಗೆದದ್ದರ ಸುತ್ತ ತಟ್ಟೆಯ ಅರ್ಧಕ್ಕರ್ಧ ತಿಳಿ, ಅಲ್ಲಿ ಒಂದು ಕ್ರಿಮಿಯೂ ಬದುಕಿರಲಿಲ್ಲ. ಮೇಡಮ್‌ರನ್ನು ಕೂಗಿದೆ. ಅವರು ಬಂದು ನೋಡಿ, ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತರು.

ಪರೀಕ್ಷೆಗೆ ಸಾಕಾಗುವಷ್ಟು ರಸ ಈಗ ಕೈಗೆ ಬಂದಿತ್ತು. ವರದಿ ಬಂದಾಗ ಮಾತ್ರ ಮನಸ್ಸು ಮುದುಡಿತು. ಅದು ಹೊಸದಲ್ಲ, ಲೋಕಕ್ಕೆ ಆಗಲೇ ಗೊತ್ತಿದ್ದ ಆಂಟಿಬಯೋಟಿಕ್. "ಬೀಗ ತೆಗೆಯುವ ದಾರಿ ನಿನ್ನದು. ಈ ಜಾತಿಯಲ್ಲಿ ಅದನ್ನು ಯಾರೂ ಮಾಡಿರಲಿಲ್ಲ" ಎಂದು ಮೇಡಮ್ ಹೇಳಿದರೂ ಎರಡು ದಿನ ನಾನು ಆ ತಟ್ಟೆಗಳನ್ನು ಮುಟ್ಟಲಿಲ್ಲ.

ಆ ವಾರವೇ ಅವ್ವ ಪ್ರಯೋಗಾಲಯ ನೋಡಲು ಬಂದಳು. ಮುಚ್ಚಳ ಹಾಕಿದ ತಟ್ಟೆಯನ್ನು ಅವಳ ಮುಂದೆ ಹಿಡಿದೆ.

"ಇದು ಈಚೆ ಒಂಟೋಗ್ಬುಟ್ರೆ?" ಎಂದಳು.

"ಓಗಲ್ಲ ಕಣವ್ವ. ಕೆಲ್ಸ ಮುಗುದ್ ಮ್ಯಾಲೆ ಎಲ್ಲಾನೂ ಆ ದೊಡ್ ಕುಕ್ಕರಲ್ಲಿ ಬೇಯಿಸ್ಬುಡ್ತೀವಿ. ಆದ್ರೆ ಇದು ಹಳೇ ಔಸ್ದಿನೇ ಅಂತೆ, ಹೊಸ್ದಲ್ಲ."

"ಹಳೇದಾದ್ರೆ ಏನಾಯ್ತು ಮಗ? ಕಂಜೂಸ್ ಮಾಡ್ತಿದ್ದದ್ದು ಕೈಬಿಚ್ಚಿ ಕೊಡೋ ಅಂಗೆ ಮಾಡಿದ್ದು ನೀನು ತಾನೆ? ಮುಂದಿಂದೂ ನಿನ್ ಕೈಲೇ ಸಿಗ್ತದೆ, ಬುಡು."

ಮೇಡಮ್ ಅವಳಿಗೆ ಕುರ್ಚಿ ಹಾಕಿ, "ಜಾಗ ತೋರಿಸಿದವರು ನೀವಂತೆ" ಎಂದರು. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೊದಲ ಸಾಲು ಅವಳದು. ಈಗ ಅದೇ ದಾರಿ ಹಿಡಿದು ಮದ್ದೂರಿನ ಹುಡುಗಿಯೊಬ್ಬಳು ನಮ್ಮಲ್ಲಿ ಇನ್ನೊಂದು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಅದು ಬಿಡುವ ರಸ ಗೊತ್ತಿರುವ ಆಂಟಿಬಯೋಟಿಕ್‌ಗಳ ಯಾವ ಪಟ್ಟಿಯಲ್ಲೂ ಇನ್ನೂ ಸಿಕ್ಕಿಲ್ಲ.

ಅವ್ವ ಪ್ರಯೋಗಾಲಯ ನೋಡಲು ಬಂದಿದ್ದ ಆ ದಿನ, ಕೆರಗೋಡಿನ ಬಸ್ಸಿನಲ್ಲಿ ಅವಳನ್ನು ವಾಪಸ್ ಕರೆದುಕೊಂಡು ಹೋಗುತ್ತಿದ್ದೆ. ಪಕ್ಕದ ಸೀಟಿನ ಹೆಂಗಸಿಗೆ ಅವಳು ದೊಡ್ಡ ದನಿಯಲ್ಲಿ ಹೇಳಿದಳು: "ನನ್ ಮಗಳು ಕಣಮ್ಮ. ಕಣ್ಣಿಗ್ ಕಾಣ್ದಿರೋ ಉಳಕ್ಕೆ ಬುದ್ಧಿ ಕಲ್ಸಿ ಔಸ್ದಿ ಮಾಡುಸ್ತಾಳೆ." ಇಡೀ ಬಸ್ಸು ತಿರುಗಿ ನನ್ನನ್ನು ನೋಡಿತು. ಬೇರೆ ದಿನವಾಗಿದ್ದರೆ ಸುಮ್ಮನಿರವ್ವ ಎಂದು ತಿವಿಯುತ್ತಿದ್ದೆ. ಅವತ್ತು ನಾನೂ ತಲೆಯೆತ್ತಿ ಅವರನ್ನೆಲ್ಲ ನೋಡಿದೆ.