ತರಗತಿಯಲ್ಲಿ ಅಪ್ಪ ತೋಡಿದ ಗುಂಡಿ

ಇವತ್ತು ಪೈಪ್ ಹಾಕಲು ಮನೆ ಮುಂದೆ ನೆಲ ಅಗೆದರು. ಹಸಿಮಣ್ಣಿನ ವಾಸನೆಗೆ ತಮಿಳುನಾಡಿನ ಅವಿನಾಶಿ ಕಡೆಯ ನಮ್ಮ ಸರ್ಕಾರಿ ಶಾಲೆ ನೆನಪಾಯಿತು.

ಪೋಲಿಯೊ ಕಾಲಿನಿಂದಾಗಿ ನನಗೆ ಕಾಲು ಮಡಚಿ ನೆಲದ ಮೇಲೆ ಕೂರಲಾಗುತ್ತಿರಲಿಲ್ಲ. ಬೆಂಚು ಕೇಳಿದ ಅಪ್ಪನಿಗೆ ಹೆಡ್‌ಮಾಸ್ಟರು, "ಒಬ್ಬಳಿಗೋಸ್ಕರ ಬೆಂಚಾ? ಅವಳನ್ನ ಮನೆಯಲ್ಲೇ ಇಟ್ಕೋ" ಎಂದರು.

ಅಪ್ಪ ನೇಕಾರರು, ದಿನವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರು. ಭಾನುವಾರ ಹಾರೆ ಹಿಡಿದು ಬಂದು, ತರಗತಿಯ ಮಣ್ಣುನೆಲದಲ್ಲಿ ಅಂಥದೇ ಗುಂಡಿ ತೋಡಿ, ಅಂಚಿಗೆ ಗೋಣಿ ಹಾಸಿದರು.

ಮರುದಿನ ಹೆಡ್‌ಮಾಸ್ಟರು ಕಿರುಚಿದರು. "ಯಾರನ್ನ ಕೇಳಿ ತೋಡ್ದೆ?"

"ಮಗಳನ್ನ ಕೇಳಿ, ಸಾರ್" ಎಂದ ಅಪ್ಪ ನನ್ನತ್ತ ತಿರುಗಿದರು. "ಇಳಿ ಕಂದಾ, ಕಾಲ್ ಬಿಟ್ಟು ಕೂತ್ಕೋ."

ಆ ವರ್ಷ ಅದರಲ್ಲೇ ಕೂತು ಓದಿದೆ. ಮುಂದಿನ ತರಗತಿಗೆ ಸಿಮೆಂಟ್ ನೆಲ. ಅಪ್ಪ ಅದನ್ನು ಕೈಯಿಂದ ಸವರಿ ನೋಡಿ, ನನ್ನನ್ನು ಹೆಗಲ ಮೇಲೆ ಹೊತ್ತು ಮನೆಗೆ ನಡೆದರು. ಓದು ಅಲ್ಲಿಗೆ ನಿಂತಿತು.

ಆ ಶಾಲೆಯ ಮೇಲೆ ಇಂದಿಗೂ ಸಿಟ್ಟಿದೆ. ಅಪ್ಪನ ಹೆಗಲು ಮಾತ್ರ ಬೇಕೆನಿಸುತ್ತದೆ.