ಸಾಹುಕಾರರ ಪಾಲಿನ ಮೀನು

ಮೀನು ಮುಟ್ಟಿದರೆ ತಲೆಯ ಮೇಲೆ ನೀರು ಸುರಿದುಕೊಳ್ಳುವ ಮನುಷ್ಯ ಮೀನಿನ ಒಡೆಯನಾಗಲು ಎಷ್ಟು ಒದ್ದಾಡುತ್ತಾನೆ ಎಂಬುದನ್ನು ನಾನು ಕಮಲಾಪುರಕ್ಕೆ ಸೊಸೆಯಾಗಿ ಬಂದ ಮೇಲೆ ಕಣ್ಣಾರೆ ಕಂಡೆ. ನನ್ನ ತವರು ಕಲಬುರಗಿ. ಆಗ ಗುಲಬರ್ಗಾ ಅನ್ನುತ್ತಿದ್ದರು. ಈಗ ಸೂಪರ್ ಮಾರ್ಕೆಟ್ ಇರುವ ಕಡೆಯ ಓಣಿಯಲ್ಲಿ ನಮ್ಮ ಮನೆ. ಅಲ್ಲಿ ಮೀನೆಂದರೆ ರೊಕ್ಕ ಕೊಟ್ಟು ತರುವ ವಸ್ತು. ಅದು ಯಾರ ನೀರಿನಲ್ಲಿ ಬೆಳೆಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಗಂಡ ನನ್ನನ್ನು ಊರಿಗೆ ತಂದುಬಿಟ್ಟು, ತಾನು ಗುಲಬರ್ಗಾದ ಗಿರಣಿ ಸೇರಿಕೊಂಡ. ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಮಾವ ತೀರಿದ ಮೇಲೆ ಬಲೆ ಅತ್ತೆಯ ಕೈಗೆ ಬಂದಿತ್ತು. ಊರ ಹೊರಗಿನ ಹಳ್ಳ ಮಳೆಗಾಲದಲ್ಲಿ ಎಲ್ಲರಿಗೂ ಮೀನು ಕೊಡುತ್ತಿತ್ತು. ಬೇಸಿಗೆಯಲ್ಲಿ ನೀರು ಉಳಿಯುತ್ತಿದ್ದುದು ಒಂದೇ ಒಂದು ಮಡುವಿನಲ್ಲಿ. ಆ ಮಡುವಿನ ಮೀನು ಸಂತೆಗೆ ಹೋದರೆ ನಮ್ಮ ಮನೆಗೆ ಜೋಳ, ಇಲ್ಲದಿದ್ದರೆ ಒಲೆ ತಣ್ಣಗೆ. ಆದರೆ ಮಡುವಿನ ದಂಡೆಗೆ ಹತ್ತಿಕೊಂಡೇ ಸಾಹುಕಾರರ ಕೆಂಪು ಬಾಳೆಯ ತೋಟವಿತ್ತು.

ನಿಜಾಮರ ಕಾಲದಲ್ಲಿ ಸಾಹುಕಾರರು, ದಂಡೆ ನನ್ನದು, ಹಾಗಾಗಿ ಮಡುವೂ ನನ್ನದು ಎನ್ನುತ್ತಿದ್ದರು. ಅತ್ತೆ ಕದ್ದು ಬಲೆ ಬೀಸಬೇಕಿತ್ತು. ಆಳುಗಳು ಕಂಡರೆ ಬಲೆ ಕಸಿದುಕೊಳ್ಳುತ್ತಿದ್ದರು. ಆಮೇಲೆ ರಜಾಕಾರರ ಗಲಾಟೆ ಎದ್ದಿತು. ಸಾಹುಕಾರರು ಮನೆಮಂದಿ, ಟ್ರಂಕು ಸಮೇತ ಸೊಲ್ಲಾಪುರಕ್ಕೆ ಹೋದರು. ಓಡಿಹೋದದ್ದಕ್ಕೆ ನಾನು ಹಂಗಿಸುವುದಿಲ್ಲ, ಜೀವ ಎಲ್ಲರದೂ ಒಂದೇ. ನಾವೂ ಹೆದರಿ ಅಗಳಿ ಹಾಕಿಕೊಂಡೇ ಮಲಗುತ್ತಿದ್ದೆವು. ಆದರೆ ಅಂಥ ಕೆಟ್ಟ ದಿನಗಳಲ್ಲೇ ಮಡುವಿಗೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ, ನಮ್ಮ ಮನೆಯಲ್ಲಿ ಮೀನಿನ ಸಾರು ಕುದಿಯುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆಯಿತು. ಸಾಹುಕಾರರು ಬಿಳಿ ಟೋಪಿ ಹಾಕಿಕೊಂಡು ಮರಳಿ ಬಂದರು. ಸೊಲ್ಲಾಪುರದಲ್ಲಿ ನೆಂಟರ ಮನೆಯ ತುಪ್ಪ ತಿಂದು ಮೈತುಂಬಿಕೊಂಡು ಬಂದವರು, ದೇಶಕ್ಕಾಗಿ ಬಹಳ ಕಷ್ಟಪಟ್ಟೆ ಎಂದು ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದರು. ಸ್ವಾತಂತ್ರ್ಯದ ಖುಷಿಯಲ್ಲಿ ಅವರು ಮಾಡಿದ ಮೊದಲ ಕೆಲಸವೆಂದರೆ ಮಡುವಿನ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದ್ದು. ಉರ್ದುವಿನಲ್ಲಿದ್ದ ಹಳೆಯ ಹಲಗೆ ಕೀಳಿಸಿ, ‘ಒಳಗೆ ಬರಕೂಡದು’ ಎಂದು ಕನ್ನಡದಲ್ಲಿ ಬರೆಸಿದರು. ನಮ್ಮೂರಲ್ಲಿ ಕನ್ನಡಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಅಕ್ಷರ ಬಾರದ ಅತ್ತೆಗೆ ಅದನ್ನು ಓದಿ ಹೇಳಿದವಳು ನಾನು.

“ನಿಜಾಮನ ರಾಜ್ಯಾನೇ ಹೋತು, ಈ ಬೇಲಿ ಯಾಕ ಬಂತು?” ಎಂದು ಅತ್ತೆ ನನ್ನನ್ನು ಕೇಳಿದಳು, ಬೇಲಿ ನಾನೇ ಹಾಕಿಸಿದ ಹಾಗೆ.

ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿ ಗುಲಬರ್ಗಾದ ಕಚೇರಿಗೆ ಹೋಗಿ ದೂರು ಕೊಟ್ಟಳು. ವಿಚಾರಣೆಯ ದಿನ ಸಾಹುಕಾರರೂ ಬಂದರು. ಹೊಸ ಅಧಿಕಾರಿ ಹೊರಗಿನವರು, ಕನ್ನಡ ಬಾರದು. ಒಬ್ಬ ಗುಮಾಸ್ತ ನಡುವೆ ನಿಂತು ನಮ್ಮ ಮಾತು ಅವರಿಗೆ, ಅವರ ಮಾತು ನಮಗೆ ಮುಟ್ಟಿಸುತ್ತಿದ್ದ. ಸಾಹುಕಾರರು ನಯವಾದ ಉರ್ದುವಿನಲ್ಲಿ ವಾದ ಮಾಡಿದರು: ನನ್ನ ಬಾಳೆಯ ನೆರಳು ಮಡುವಿನ ಮೇಲೆ ಬೀಳುತ್ತದೆ, ಆ ನೆರಳಿನಲ್ಲಿ ಮೀನು ದಪ್ಪಗಾಗುತ್ತವೆ, ಆದ್ದರಿಂದ ಮೀನು ನನ್ನ ತೋಟದ ಫಸಲು. ಅಧಿಕಾರಿ ತಲೆದೂಗಿದರು.

ಅತ್ತೆ ಎದ್ದು ನಿಂತಳು. “ಸಾಹೇಬ್ರ, ಅವರ ಬಾಳಿನೂ ಇದೇ ಹಳ್ಳದ ನೀರು ಕುಡದು ದಪ್ಪ ಆಗ್ಯಾವ. ಹಂಗಿದ್ರ ಗೊನಿ ನಮಗ ಕೊಡಸ್ರಿ.”

ಗುಮಾಸ್ತ ಈ ಮಾತನ್ನು ಆಚೆ ಮುಟ್ಟಿಸಲಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದರು.

ಇಬ್ಬರನ್ನೂ ನೋಯಿಸಬಾರದೆಂದು ಅಧಿಕಾರಿ ತೀರ್ಮಾನ ಹೇಳಿದರು. ನೀರು ಸರ್ಕಾರದ್ದು, ದಂಡೆ ಸಾಹುಕಾರರದು. ಈ ಹೆಂಗಸು ಮೀನು ಹಿಡಿಯಲಿ, ಆದರೆ ಹೊಲದ ಪಾಲಿನ ಪದ್ಧತಿಯಂತೆ ಅರ್ಧ ಸಾಹುಕಾರರಿಗೆ ಒಪ್ಪಿಸಲಿ. ಸಾಹುಕಾರರು ಮೀಸೆ ತೀಡಿಕೊಂಡರು. ಅರ್ಧ ಮೀನು ಹೋದರೆ ನಮಗೆ ಅರ್ಧ ಹೊಟ್ಟೆಯೇ ಗತಿ ಎಂದು ಬಸ್ಸಿನಲ್ಲಿ ನಾನು ಕಣ್ಣೀರು ಹಾಕಿದೆ. ಪಕ್ಕದಲ್ಲಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಇವಳಿಗೆ ತಲೆ ಕೆಟ್ಟಿತೆಂದು ಹೆದರಿದೆ.

ಅವಳ ತಲೆ ನೆಟ್ಟಗೇ ಇತ್ತು. ಸಾಹುಕಾರರ ಜೋಳದ ಹೊಲಗಳನ್ನು ಊರಿನವರು ಪಾಲಿಗೆ ಮಾಡುತ್ತಿದ್ದರು. ಆ ಪಾಲಿಗೆ ಸಾಹುಕಾರರೇ ಹಾಕಿದ ಒಂದು ಕಟ್ಟಳೆಯಿತ್ತು: ಪಾಲನ್ನು ಅವರ ಹೊಸ್ತಿಲಿಗೇ ತಂದು ಸುರಿಯಬೇಕು, ಅವರು ಸ್ವತಃ ಕೈಯಾಡಿಸಿ ನೋಡಿ ಒಳಗೆ ತೆಗೆದುಕೊಳ್ಳುವ ತನಕ ತಂದವರು ಕದಲಬಾರದು. ಆಳುಗಳನ್ನು ನಂಬದ ಮನುಷ್ಯ ಮಾಡಿಕೊಂಡ ಏರ್ಪಾಡು ಅದು.

ಮರುದಿನ ಬೆಳಗ್ಗೆ ನಾವಿಬ್ಬರೂ ಬುಟ್ಟಿ ಹೊತ್ತು ಸಾಹುಕಾರರ ಮನೆಗೆ ಹೋದೆವು. ಅವರ ಮುದಿ ತಾಯಿ ಆಗಷ್ಟೇ ಅಂಗಳ ಸಾರಿಸಿ ರಂಗೋಲಿ ಹಾಕಿ ಒಳಗೆ ಹೋಗಿದ್ದರು. ಅತ್ತೆ ಹೊಸ್ತಿಲ ಮುಂದೆ ಬುಟ್ಟಿ ಬೋರಲು ಹಾಕಿದಳು. ಎಲ್ಲ ಚೇಳುಮೀನು. ನೀರಿಂದ ತೆಗೆದರೂ ಬೇಗ ಸಾಯದ ಜಾತಿ, ಮುಳ್ಳು ತಾಗಿದರೆ ಚೇಳು ಕಡಿದಂತೆ ಉರಿ. ಅವು ರಂಗೋಲಿಯ ಮೇಲೆ ಹೊರಳಾಡುತ್ತಾ ಬಾಗಿಲ ಕಡೆ ಹೊರಟವು.

“ಸಾಹುಕಾರ್ರ, ಪಾಲು ತಂದೀವಿ. ಕೈಯಾಡ್ಸಿ ನೋಡಿ ಒಳಗ ತಗೋರಿ.”

ಸಾಹುಕಾರರು ಹೊರಗೆ ಬಂದು ನೋಡಿ, ಕಾಲು ಹಿಂದೆ ತೆಗೆದರು. “ಏ ಮುದುಕಿ, ಏನಿದು! ಮಾರಿ ರೊಕ್ಕಾ ತಂದು ಕೊಡು.”

“ಜ್ವಾಳದ ಪಾಲಿಗಿ ಒಂದಿನಾನೂ ರೊಕ್ಕಾ ತಗೊಂಡಿಲ್ರಿ ನೀವು. ಹೊಲದ ಪದ್ಧತಿನೇ ಅಂತ ಫೈಸಲಾ ಆಗ್ಯದ.”

ಮೀನು ಮುಟ್ಟಿದರೆ ಮೈಲಿಗೆ, ಮೀನಿನ ರೊಕ್ಕಕ್ಕೆ ಮಾತ್ರ ಮೈಲಿಗೆಯಿಲ್ಲ. ಆ ಮನೆಯ ಮಡಿ ಎಷ್ಟು ಹದವಾಗಿತ್ತೆಂದು ಆ ದಿನ ನನಗೆ ತಿಳಿಯಿತು. ನಾವು ಕದಲಲಿಲ್ಲ. ಬಿಸಿಲೇರಿತು. ಊರಿನ ಬೆಕ್ಕುಗಳೆಲ್ಲ ಆ ಮನೆಯ ಗೋಡೆಯ ಮೇಲೆ ಬಂದು ಕುಳಿತವು. ಮರುದಿನವೂ ಹೋದೆವು, ಅದರ ಮರುದಿನವೂ. ನಾವು ಬರುವುದು ಕಂಡರೆ ಬಾಗಿಲು ಹಾಕುತ್ತಿದ್ದರು, ಅತ್ತೆ ಹೊರಗಿನಿಂದ ಇಡೀ ಓಣಿಗೆ ಕೇಳುವಂತೆ ಪಾಲು ಪಾಲು ಎಂದು ಕೂಗುತ್ತಿದ್ದಳು. ನನಗೆ ನಾಚಿಕೆಯೂ ಆಗುತ್ತಿತ್ತು, ಹೇಳಲಾರದಷ್ಟು ಸಂತೋಷವೂ ಆಗುತ್ತಿತ್ತು.

ಒಂದು ಬೆಳಗ್ಗೆ ಸಾಹುಕಾರರೇ ಕಟ್ಟೆಗೆ ಬಂದು, ದಾನಿಯ ದನಿಯಲ್ಲಿ ಹೇಳಿದರು. “ಆಯ್ತು, ನನ್ನ ಪಾಲೂ ನೀವೇ ತಿನ್ರಿ. ಬಿಟ್ಟೀನಿ, ಹೋಗ್ರಿ.”

ಸಾಕು, ನಡೀರಿ ಎಂದು ನಾನು ಅತ್ತೆಯ ಸೆರಗು ಎಳೆದೆ. ಅವಳು ಕೈ ಕೊಡವಿದಳು. “ದಾನ ಬ್ಯಾಡ್ರಿ. ಇವತ್ತು ದಾನ ಅಂತೀರಿ, ನಾಳಿಗಿ ಕಳ್ಳರು ಅಂತೀರಿ. ಮಡಾ ನಿಮ್ಮದಿದ್ರ ಪಾಲು ತಗೋರಿ. ನಿಮ್ಮದಲ್ದಿದ್ರ ಅಲ್ಲ ಅಂತ ಹೇಳ್ರಿ.”

ಅಷ್ಟರಲ್ಲಿ ಒಂದು ಚೇಳುಮೀನು ಹೊಸ್ತಿಲು ದಾಟಿ ಪಡಸಾಲೆಗೆ ಇಳಿಯಿತು. ಒಳಗಿಂದ ಅವರ ತಾಯಿ ಚೀರಿದರು. “ಏ ಮಗನ! ಆ ಮಡಾ ಬಿಡ್ತಿಯೋ, ನನ್ನ ಕಾಶಿಗಿ ಕಳಸ್ತಿಯೋ?”

ಓಣಿಯ ಜನ ನಿಂತು ನೋಡುತ್ತಿದ್ದರು. ಸಾಹುಕಾರರ ಮುಖ ಕೆಂಪು ಬಾಳೆಯ ಬಣ್ಣಕ್ಕೆ ತಿರುಗಿತು. “ನಂದಲ್ಲ,” ಎಂದರು ಮೆಲ್ಲಗೆ.

“ಕೇಳಲಿಲ್ರಿ.”

“ಮಡಾ ನಂದಲ್ಲ! ಹಳ್ಳಾನೂ ನಂದಲ್ಲ! ತೊಲಗ್ರಿ!”

ಅತ್ತೆ ಮೀನನ್ನೆಲ್ಲ ಬುಟ್ಟಿಗೆ ತುಂಬಿಕೊಂಡು, ಆ ಹೊಸ್ತಿಲಿಗೆ ಕೈಮುಗಿದು ಹೊರಟಳು. ಸಂಜೆಯೊಳಗೆ ಊರವರು ಬೇಲಿ ಕಿತ್ತು ಒಲೆಗೆ ಒಯ್ದರು. ಆ ಬೇಸಿಗೆಯಲ್ಲಿ ನಮ್ಮ ಒಲೆ ತಣ್ಣಗಾಗಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಸಾಹುಕಾರರನ್ನು ನಾನು ಕ್ಷಮಿಸುತ್ತಿದ್ದೆನೋ ಏನೋ. ಒಂದೆರಡು ವರ್ಷ ಕಳೆದು, ಧ್ವಜ ಏರಿಸುವ ದಿನ ಊರಲ್ಲಿ ಸಭೆ ಆಯಿತು. ಗುಲಬರ್ಗಾದಿಂದ ದೊಡ್ಡವರು ಬಂದಿದ್ದರು. ಬಡವರಿಗಾಗಿ ತಮ್ಮ ಸ್ವಂತ ಮಡುವನ್ನೇ ಬಿಟ್ಟುಕೊಟ್ಟ ಧರ್ಮಾತ್ಮರೆಂದು ಸಾಹುಕಾರರಿಗೆ ಹಾರ ಹಾಕಿದರು. ಅವರು ಎದೆಯ ಮೇಲೆ ಕೈಯಿಟ್ಟು, “ಕೊಟ್ಟದ್ದನ್ನು ಹೇಳಿಕೊಳ್ಳಬಾರದು,” ಎಂದರು. ಜನ ಚಪ್ಪಾಳೆ ತಟ್ಟಿದರು. ನಮ್ಮವರೂ ತಟ್ಟಿದರು.

ಚಪ್ಪಾಳೆ ನಿಲ್ಲುವುದನ್ನು ಕಾದು, ಅತ್ತೆ ನನ್ನ ಕಡೆ ತಿರುಗಿದಳು. ಆದರೆ ಕೇಳಿದ್ದು ಸಂತೆಯಲ್ಲಿ ಮೀನು ಕೂಗುವ ದನಿಯಲ್ಲಿ:

“ನಂದಲ್ಲ ಅಂದಾಂವ ಹ್ಯಾಂಗ ಕೊಟ್ಟ ಬೇ?”