ಮೊಂಡಾಗದ ಚಾಕು

ಈ ಬೆಳಿಗ್ಗೆ ಕಾರವಾರದ ರವಿವಾರದ ಸಂತೆಯಲ್ಲಿ ಒಣಮೀನಿನ ಸಾಲು ದಾಟಿ ಬರುವಾಗ ಹೊಸ ಪ್ಲಾಸ್ಟಿಕ್ಕು ಮತ್ತು ಯಂತ್ರದ ಎಣ್ಣೆ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಒಬ್ಬಾತ ತಾಡಪತ್ರಿ ಹಾಸಿ ಮಡಚುವ ಚಾಕುಗಳನ್ನು ರಾಶಿ ಹಾಕಿಕೊಂಡು ಕುಳಿತಿದ್ದ. ನಾನು ಒಂದೊಂದನ್ನೇ ಎತ್ತಿ ತೂಗಿ ನೋಡುವುದನ್ನು ಕಂಡು ಅವನಿಗೆ ನಗು ಬಂತು. ಕಣ್ಣು ಮುಚ್ಚಿ ಎತ್ತಿಕೊಳ್ಳಿ, ಎಲ್ಲ ಒಂದೇ ಎಂದ. ಮಾತು ಸರಿಯೇ. ಆದರೂ ಒಂದನ್ನೂ ಕೊಳ್ಳದೆ ಎದ್ದೆ. ಚಿತ್ತಾಕುಲದ ಮನೆಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಶೆಟಗೇರಿಯ ತಿಮ್ಮಣ್ಣನದೇ ನೆನಪು.

ಹಾಗೆಂದು ಕಾರ್ಖಾನೆಯ ಚಾಕುವನ್ನು ನಾನು ಹೀಗಳೆಯುವವನಲ್ಲ. ಅರ್ಧ ಆಯುಷ್ಯ ಅದನ್ನೇ ಕಿಸೆಯಲ್ಲಿಟ್ಟುಕೊಂಡು ತಿರುಗಿದವನು. ಕಚೇರಿಯಲ್ಲಿ ಪೇರಲೆ ಕೊಯ್ಯಲು, ಪಾರ್ಸೆಲ್ಲಿನ ಸುತಳಿ ಹರಿಯಲು, ಏನೂ ಕೆಲಸವಿಲ್ಲದಾಗ ಸುಮ್ಮನೆ ಬಿಚ್ಚಿ ಮಡಚಿ ಟಕ್ಕೆನಿಸಲು ಅದಕ್ಕಿಂತ ಒಳ್ಳೆಯ ಸಂಗಾತಿ ಬೇಕೆ? ಕಳೆದುಹೋದರೆ ದುಃಖವಿಲ್ಲ, ಅಂಥದೇ ಇನ್ನೊಂದು ಸಿಗುತ್ತದೆ. ಯಾರ ಕೈಗೂ ಪೂರ್ತಿ ಹೊಂದದೆ, ಎಲ್ಲರ ಕೈಯಲ್ಲೂ ಅಷ್ಟಿಷ್ಟು ನಡೆದುಹೋಗುತ್ತದೆ. ನಮ್ಮಿಂದ ಏನನ್ನೂ ಬಯಸುವುದಿಲ್ಲ. ಮದುವೆಯಾಗದೆ ಐವತ್ತು ದಾಟಿದ ಗುಮಾಸ್ತನಿಗೆ ಇಂಥ ಸ್ವಭಾವ ಎಷ್ಟು ಹಿಡಿಸುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲಿ ನಾನು ಮತ್ತು ಅಕ್ಕ, ಇಬ್ಬರೇ ಇದ್ದೆವು. ಅಕ್ಕ ತೀರಿಕೊಂಡ ಮೇಲೆ ನನ್ನನ್ನು ಏನಾದರೂ ಕೇಳುವವರು ಇಲ್ಲವಾದರು. ಕಚೇರಿಯಲ್ಲಿ ಕೇಳುತ್ತಾರೆ, ಆ ಫೈಲು ಎಲ್ಲಿ ಎಂದು. ನಾನು ಹೇಳುವುದು ಅದಲ್ಲ. ಸಾರಿಗೆ ಉಪ್ಪು ಸಾಕೇ, ಬೆನ್ನುನೋವು ಹೇಗಿದೆ, ಇಷ್ಟು ಹೊತ್ತು ಎಲ್ಲಿದ್ದೆ, ಇಂಥ ಪ್ರಶ್ನೆಗಳು ನಿಂತುಹೋದರೆ ಮನುಷ್ಯನಿಗೆ ತಾನು ಇದ್ದೇನೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ. ಶನಿವಾರ ಕಚೇರಿ ಬಿಟ್ಟವನು ಸೋಮವಾರ ಬಾಯಿ ತೆರೆದರೆ ನನ್ನ ದನಿ ನನಗೇ ಹೊಸದಾಗಿ ಕೇಳುತ್ತಿತ್ತು.

ಅಂಥ ದಿನಗಳಲ್ಲಿ ಸಹೋದ್ಯೋಗಿಯೊಬ್ಬರು ತಿಮ್ಮಣ್ಣನ ವಿಷಯ ಹೇಳಿದರು. ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಹಿರಿಯರು. ಅಂಕೋಲೆಯ ಹತ್ತಿರ ಶೆಟಗೇರಿಯಲ್ಲಿ ಮನೆ. ಹಳೇ ಲಾರಿಯ ಉಕ್ಕಿನ ಕಮಾನುಪಟ್ಟಿಯಿಂದ, ಕೇಳಿದವರ ಕೈಯ ಅಳತೆಗೆ ಸರಿಯಾಗಿ, ಮಡಚುವ ಚಾಕು ಮಾಡಿಕೊಡುತ್ತಾರೆ. ನೋಡೋಣವೆಂದು ಹೋದೆ. ಮನೆಯ ಪಕ್ಕದ ಚಪ್ಪರದಡಿ ಕುಳಿತಿದ್ದ ತಿಮ್ಮಣ್ಣ ಜೇಡಿಮಣ್ಣಿನ ಉಂಡೆಯೊಂದನ್ನು ಕೊಟ್ಟು, ಚಾಕು ಹಿಡಿದಂತೆ ಗಟ್ಟಿಯಾಗಿ ಹಿಡಿಯಲು ಹೇಳಿದರು. ಆಮೇಲೆ ಒಂದರ ಹಿಂದೊಂದು ಪ್ರಶ್ನೆ. ಇದರಲ್ಲಿ ಏನು ಕೊಯ್ಯುತ್ತೀರಿ, ಯಾವ ಕಿಸೆಯಲ್ಲಿ ಇಟ್ಟುಕೊಳ್ಳುತ್ತೀರಿ, ಕೈ ಬೆವರುತ್ತದೆಯೇ. ನನ್ನ ಬಲಗೈಯನ್ನು ತಿರುಗಿಸಿ ನೋಡಿ, "ಈ ಹೆಬ್ಬಟ್ಟಿಗೆ ಎಂತಾ ಆಗಿತ್ರಿ?" ಎಂದರು. ಚಿಕ್ಕವನಿದ್ದಾಗ ಬಾಗಿಲಿನ ಸಂದಿಗೆ ಸಿಕ್ಕಿತ್ತು ಎಂದೆ. ಅದರ ಬಗ್ಗೆ ಅಕ್ಕನ ನಂತರ ಯಾರೂ ಮಾತೆತ್ತಿರಲಿಲ್ಲ.

ಮನೆಗೆ ಬಂದ ಮೇಲೂ ಫೋನು ಬರುತ್ತಿತ್ತು. ಹಿಡಿಗೆ ಬೀಟೆ ಹಾಕಲೋ, ಎಮ್ಮೆಯ ಕೋಡು ಹಾಕಲೋ? ಕೀಲು ಬಿಗಿಯಿರಲೋ, ಸಡಿಲವೋ? ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದೆ. ಯೋಚಿಸುವುದಕ್ಕೆ ಏನೂ ಇರಲಿಲ್ಲ, ಇನ್ನೊಂದು ಫೋನು ಬರಲಿ ಎಂಬ ಆಸೆ ಅಷ್ಟೆ.

ಕೊನೆಗೆ ಚಾಕು ಸಿದ್ಧವಾಗಿ ಕೈಗೆ ಬಂತು. ಆ ಸೊಟ್ಟ ಹೆಬ್ಬೆರಳು ಕೂರಲೆಂದೇ ಹಿಡಿಯಲ್ಲಿ ಒಂದು ತಗ್ಗು. ನಿಜ ಹೇಳಬೇಕೆಂದರೆ ಪೇರಲೆ ಕೊಯ್ಯುವುದರಲ್ಲಿ ಸಂತೆಯ ಚಾಕುವಿಗೂ ಇದಕ್ಕೂ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಫೋನು ಮಾತ್ರ ನಿಂತುಹೋಯಿತು. ಕೆಲಸ ಮುಗಿದ ಮೇಲೆ ಯಾರಾದರೂ ಯಾಕೆ ಕರೆಯುತ್ತಾರೆ?

ಮೊಂಡಾದರೆ ತನ್ನಿ, ಮಸೆದು ಕೊಡುತ್ತೇನೆ ಎಂದಿದ್ದರು ತಿಮ್ಮಣ್ಣ. ಸಂತೆಯ ಚಾಕುವನ್ನು ಎಲ್ಲಿಗೂ ಮರಳಿ ಒಯ್ಯುವಂತಿಲ್ಲ. ಇದಕ್ಕೆ ಹೋಗಲು ಒಂದು ಮನೆಯಿತ್ತು. ಮಾಡಿಸಿದ ಚಾಕುವಿನ ಹೆಚ್ಚುಗಾರಿಕೆಯೆಲ್ಲ, ನನ್ನನ್ನು ಕೇಳಿದರೆ, ಅಷ್ಟೇ. ಆದರೆ ಆ ಹಾಳು ಅಲಗು ಮೊಂಡಾಗಲೊಲ್ಲದು. ರಟ್ಟು ಹರಿದೆ, ಕರಟ ಕೆರೆದೆ, ಕೊನೆಗೆ ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿದೆ. ಲೋಕವೆಲ್ಲ ಹರಿತ ಮಾಡಲು ಕಲ್ಲಿಗೆ ತಿಕ್ಕಿದರೆ ನಾನು ಮೊಂಡು ಮಾಡಲು ತಿಕ್ಕುತ್ತಿದ್ದೆ. ಹಾಗೆ ಆಗಾಗ ಶೆಟಗೇರಿಗೆ ಹೋಗತೊಡಗಿದೆ. ತಿಮ್ಮಣ್ಣ ಮಸೆಯುತ್ತ ಡಿಪೋದ ಕತೆ ಹೇಳುತ್ತಿದ್ದರು. ಒಳಗೆ ಯಾರೋ ಯಾರನ್ನೋ ಗದರುವುದು, ಪಾತ್ರೆ ಬೀಳುವುದು, ಒಗ್ಗರಣೆ ಚಟಗುಡುವುದು, ಇವನ್ನೆಲ್ಲ ಕೇಳುತ್ತ ನಾನು ಚಾ ಕುಡಿಯುತ್ತಿದ್ದೆ. ಆ ಗದರುವ ದನಿಯ ಮೇಲೆ ನನಗೆ ಆಸೆಯಾಗುತ್ತಿತ್ತು.

ಒಂದು ದಿನ ಅವರು ಅಲಗನ್ನು ಬೆಳಕಿಗೆ ಹಿಡಿದರು. ಕಲ್ಲಿನ ಗೀರುಗಳು ಎಂಥವರಿಗೂ ಕಾಣುವಂತಿದ್ದವು. ಬೈಗುಳ ಕಾದಿದೆ ಎಂದುಕೊಂಡೆ. ಅವರು ಎಂದಿನಂತೆ ಮಸೆದು, ಕೀಲಿಗೆ ಎಣ್ಣೆ ಬಿಟ್ಟು, ಮಡಚಿ ನನ್ನ ಕೈಯಲ್ಲಿಟ್ಟರು.

"ತಮಾ, ಮುಂದಿನ ಸಲ ಚಾಕು ತರೂದ್ ಬ್ಯಾಡ. ನೀ ಬಾ, ಸಾಕು."

ಅಲ್ಲಿಯವರೆಗೆ ನನ್ನನ್ನು ನೀವು ಎಂದೇ ಮಾತಾಡಿಸಿದವರು. ಇಷ್ಟು ಪ್ರೀತಿಯಿಂದ ಕರೆದರೆ ಯಾರಾದರೂ ಓಡಿ ಹೋಗಬೇಕು. ನಾನು ಹೋಗುವುದನ್ನೇ ಬಿಟ್ಟೆ. ಚಾಕು ಹಿಡಿದು ಹೋದರೆ ಗಿರಾಕಿ. ಬರಿಗೈಯಲ್ಲಿ ಹೋದರೆ ನಾನು ಯಾರು? ಏನು ಬಂದಿರಿ ಎಂದು ಮನೆಯವರು ಕೇಳಿದರೆ, ಒಬ್ಬನೇ ಇರಲು ಆಗುವುದಿಲ್ಲ ಎಂದು ಹೇಳಲಾದೀತೇ? ಹೀಗೆ ನಾಚುತ್ತ ಒಂದು ಮಳೆಗಾಲ ಪೂರ್ತಿ ಕಳೆದೆ.

ಇವತ್ತು ಮನೆಗೆ ಬಂದವನು ಚೀಲ ಕೆಳಗಿಡುವ ಮೊದಲೇ ಫೋನು ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ ಎಂದೆ. ಯಾಕೆ ಎಂದು ಕೇಳಿದರೆ ಸುಮ್ಮನೆ ಎನ್ನಬೇಕೆಂದು ಬಸ್ಸಿನಲ್ಲೇ ಉತ್ತರ ಕಟ್ಟಿಕೊಂಡಿದ್ದೆ. ತಿಮ್ಮಣ್ಣ ಯಾಕೆ ಎಂದು ಕೇಳಲಿಲ್ಲ, ಇಷ್ಟು ದಿನ ಎಲ್ಲಿ ಹೋಗಿದ್ದೆ ಎಂದೂ ಕೇಳಲಿಲ್ಲ. ಬಾಯಿಯಿಂದ ಫೋನು ಸರಿಸಿ, ಅಕ್ಕಿ ಸ್ವಲ್ಪ ಜಾಸ್ತಿ ಹಾಕಿ ಎಂದು ಒಳಗಿನವರಿಗೆ ಕೂಗಿ ಹೇಳಿದ್ದು ಕೇಳಿಸಿತು.

"ಬಂಗಡೆ ಅದೆ, ಶೆಟ್ಲಿ ಮೀನು ಅದೆ," ಎಂದರು. "ನಿಂಗೆ ಎಂತಾ ಮಾಡಿಸ್ಲಿ?"

ಶೆಟ್ಲಿ ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.